ಪದೇ ಪದೇ ತಪ್ಪುವ ಭುಜದ ಕೀಲು: ಶಸ್ತ್ರಚಿಕಿತ್ಸೆಯೂ ತೋಳಿನ ಚೇತರಿಕೆಯೂ

ಮನುಷ್ಯದೇಹದ ದೊಡ್ಡ ಕೀಲುಗಳ ಪೈಕಿ ಅತಿ ಹೆಚ್ಚಾಗಿ ಜಾಗ ಬಿಟ್ಟು ಜಾರುವುದು ಭುಜದ ಕೀಲು, ಮತ್ತು ಅದಕ್ಕೆ ಕಾರಣ ಅದರ ರಚನೆಯಲ್ಲೇ ಇದೆ. ತೊಡೆಯೆಲುಬಿನ ತಲೆಯು ಸೊಂಟದ ಆಳವಾದ ಗುಳಿಯೊಳಗೆ ಹುದುಗಿ ಕುಳಿತಿರುತ್ತದೆ; ಭುಜದಲ್ಲಾದರೋ ಮೇಲ್ದೋಳಿನ ಎಲುಬಿನ ದುಂಡನೆಯ ತಲೆಯು ಹೆಗಲೆಲುಬಿನ ಹೊರತುದಿಯಲ್ಲಿರುವ, ವೈದ್ಯರು ಗ್ಲೀನಾಯ್ಡ್ ಎಂದು ಕರೆಯುವ, ಚಿಕ್ಕದಾದ ಮತ್ತು ಬಹುಮಟ್ಟಿಗೆ ಚಪ್ಪಟೆಯಾದ ಒಂದು ತಗ್ಗಿಗೆ ಆತುಕೊಂಡು ನಿಂತಿರುತ್ತದೆ. ಆ ತಲೆಯ ನುಣುಪಾದ ಮೇಲ್ಮೈ ಈ ತಗ್ಗಿನ ಮೇಲ್ಮೈಗಿಂತ ಮೂರು ನಾಲ್ಕು ಪಟ್ಟು ಹಿರಿದು. ಶಾಲೆಯ ಆಟೋಟದ ದಿನ ಮಕ್ಕಳು ಚಮಚದಲ್ಲಿ ನಿಂಬೆಹಣ್ಣನ್ನಿಟ್ಟುಕೊಂಡು ಓಡುವಾಗ ಆ ಹಣ್ಣಿಗೆ ಎಷ್ಟು ಆಸರೆಯಿರುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಆಸರೆ ಈ ಕೀಲಿಗೆ ಎಲುಬಿನಿಂದ ದೊರೆಯುತ್ತದೆ. ತಲೆ ಬಾಚಲು, ಬೆನ್ನು ಉಜ್ಜಿಕೊಳ್ಳಲು, ಅಟ್ಟದ ಮೇಲಿನ ಡಬ್ಬಿ ಇಳಿಸಲು, ಚೆಂಡೆಸೆಯಲು ತೋಳು ಯಾವ ದಿಕ್ಕಿಗಾದರೂ ತಿರುಗಬಲ್ಲುದಾದರೆ ಅದು ಈ ಸಡಿಲಿನ ಕೊಡುಗೆ. ಕೀಲು ತಪ್ಪುವ ಅಪಾಯವೂ ಅದೇ ಸಡಿಲಿನಿಂದ ಬಂದದ್ದು.

ಎಲುಬು ಕೊಡದ ಭದ್ರತೆಯನ್ನು ಸುತ್ತಲಿನ ಮೃದು ಭಾಗಗಳು ಕೊಡಬೇಕಾಗುತ್ತದೆ. ಗ್ಲೀನಾಯ್ಡಿನ ಅಂಚಿನ ಸುತ್ತ ಲೇಬ್ರಮ್ ಎಂಬ ನಾರುನಾರಾದ, ಗಟ್ಟಿಯಾದ ಏಣೊಂದಿದ್ದು, ಅದು ಆ ತಗ್ಗಿನ ಆಳವನ್ನು ಸುಮಾರು ಇಮ್ಮಡಿಗೊಳಿಸುತ್ತದೆ. ಕೀಲನ್ನು ಸುತ್ತುವರಿದಿರುವ ತೆಳ್ಳನೆಯ ಚೀಲ ಈ ಏಣಿಗೆ ಅಂಟಿಕೊಂಡಿದೆ. ಆ ಕೀಲುಚೀಲವು ಅಲ್ಲಲ್ಲಿ ದಪ್ಪಗಟ್ಟಿ, ಎಲುಬಿಗೆ ಎಲುಬನ್ನು ಬಿಗಿಯುವ ಪಟ್ಟಿಗಳಾಗಿದೆ. ಇವನ್ನು ಅಸ್ಥಿರಜ್ಜುಗಳು ಎನ್ನುತ್ತಾರೆ. ಇವುಗಳಲ್ಲಿ ಕೀಲಿನ ಮುಂಭಾಗದ ಕೆಳಗಿರುವ ಪಟ್ಟಿಯದು ಬಹಳ ಮುಖ್ಯವಾದ ಕೆಲಸ: ತೋಳನ್ನು ಪಕ್ಕಕ್ಕೆ ಎತ್ತಿ ಹೊರಕ್ಕೆ ತಿರುಗಿಸಿದಾಗ, ಅಂದರೆ ಚೆಂಡೆಸೆಯಲು ಕೈಯನ್ನು ಹಿಂದಕ್ಕೊಯ್ದ ಭಂಗಿಯಲ್ಲಿ, ಎಲುಬಿನ ತಲೆ ಮುಂದಕ್ಕೆ ಜಾರದಂತೆ ತಡೆಯುವುದು ಬಹುಮಟ್ಟಿಗೆ ಅದೊಂದೇ. ಇವೆಲ್ಲದರ ಹೊರಗೆ ರೊಟೇಟರ್ ಕಫ್ ಎಂಬ ಹೆಸರಿನ ನಾಲ್ಕು ಸ್ನಾಯುಗಳು ಎಲುಬಿನ ತಲೆಯನ್ನು ಎಲ್ಲ ಕಡೆಯಿಂದಲೂ ತಗ್ಗಿನ ನಡುವಿಗೆ ಒತ್ತಿ ಹಿಡಿದಿರುತ್ತವೆ. ಅಸ್ಥಿರಜ್ಜು ಹರಿದರೆ ಹೊಲಿಯಬೇಕು, ಸ್ನಾಯು ಸೊರಗಿದರೆ ಬೆಳೆಸಬೇಕು. ಭುಜದ ಚಿಕಿತ್ಸೆಯಲ್ಲಿ ಶಸ್ತ್ರವೈದ್ಯರಿಗೂ ವ್ಯಾಯಾಮ ಚಿಕಿತ್ಸಕರಿಗೂ ಸಮಪಾಲಿರುವುದು ಇದರಿಂದಲೇ.

ಭುಜ ತಪ್ಪಿದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಎಲುಬಿನ ತಲೆ ಮುಂದಕ್ಕೆ ಜಾರಿರುತ್ತದೆ. ಕಬಡ್ಡಿ ಅಂಕಣದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಕೈಕೈ ಹಿಡಿದು ಸರಪಳಿ ಕಟ್ಟಿ ನಿಂತ ಇಬ್ಬರು ಆಟಗಾರರ ನಡುವೆ ದಾಳಿಗಾರ ನುಗ್ಗಿದಾಗ, ಹಿಡಿದ ಕೈಯನ್ನು ಬಿಡದ ಆಟಗಾರನ ತೋಳು ಪಕ್ಕಕ್ಕೆ ಚಾಚಿಕೊಂಡು ಒಮ್ಮೆಲೇ ಹಿಂದಕ್ಕೆ ಸೆಳೆಯಲ್ಪಡುತ್ತದೆ. ಕೈ ಹಿಂದೆ ಹೋದಂತೆ ಎಲುಬಿನ ತಲೆ ಮುಂದಕ್ಕೆ ಮೀಟಿಕೊಂಡು ಬಂದು, ಲೇಬ್ರಮ್ಮನ್ನು ಅಂಚಿನಿಂದ ಕಿತ್ತು ಹೊರಬೀಳುತ್ತದೆ. ಬೈಕಿನಿಂದ ಬಿದ್ದು ಕೈಯೂರಿದಾಗಲೂ ವಾಲಿಬಾಲಿನಲ್ಲಿ ಹೊಡೆಯಲು ಹೋಗಿ ಕೈ ಹಿಂದಕ್ಕೆ ತಿರುಚಿದಾಗಲೂ ನಡೆಯುವುದು ಇದೇ. ಹೀಗೆ ಮುಂದಣ ಕೆಳ ಅಂಚಿನಿಂದ ಲೇಬ್ರಮ್ ಕಿತ್ತುಬರುವ ಗಾಯಕ್ಕೆ ಬ್ಯಾಂಕಾರ್ಟ್ ಗಾಯ ಎಂಬ ಹೆಸರಿದೆ. ಹೊರಬಿದ್ದ ತಲೆಯ ಹಿಂಭಾಗವು ಗ್ಲೀನಾಯ್ಡಿನ ಗಟ್ಟಿ ಅಂಚಿಗೆ ಒತ್ತಿಕೊಂಡು ನಿಂತಾಗ ಅಲ್ಲೊಂದು ಕುಳಿ ಬೀಳುತ್ತದೆ. 1940ರಲ್ಲಿ ಅದನ್ನು ವಿವರವಾಗಿ ಬಣ್ಣಿಸಿದ ಅಮೆರಿಕದ ಇಬ್ಬರು ಕ್ಷಕಿರಣ ತಜ್ಞರ ಹೆಸರಿನಲ್ಲಿ ಅದಕ್ಕೆ ಹಿಲ್–ಸ್ಯಾಕ್ಸ್ ಕುಳಿ ಎನ್ನುತ್ತಾರೆ. ಮುಂದೆ ಹೇಳಬೇಕಾದ ಶಸ್ತ್ರಚಿಕಿತ್ಸೆಯೆಲ್ಲ ಈ ಎರಡು ಗಾಯಗಳ ಸುತ್ತಲೇ ತಿರುಗುತ್ತದೆ.

ತಪ್ಪಿದ ಕೀಲನ್ನು ಕೂರಿಸುವ ವಿದ್ಯೆ ಬಹಳ ಹಳೆಯದು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಕಂಕುಳಿಗೆ ಒನಕೆಯನ್ನು ಕೊಟ್ಟು ಮೇಲೆತ್ತಿ ಭುಜದ ಕೀಲನ್ನು ಸ್ವಸ್ಥಾನಕ್ಕೆ ತಂದು, ಬಳಿಕ ಸ್ವಸ್ತಿಕದ ಆಕಾರದಲ್ಲಿ ಕಟ್ಟು ಕಟ್ಟಬೇಕೆಂಬ ವಿಧಾನವಿದೆ. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನ ಗ್ರಂಥಗಳಲ್ಲಿ ಕಂಕುಳಲ್ಲಿ ಹಿಮ್ಮಡಿಯನ್ನಿಟ್ಟು ತೋಳನ್ನೆಳೆಯುವ ವಿಧಾನವಿದೆ. 1870ರಲ್ಲಿ ಸ್ವಿಟ್ಜರ್ಲೆಂಡಿನ ಕೋಖರ್ ಎಂಬ ಶಸ್ತ್ರವೈದ್ಯನು ಎಳೆತವಿಲ್ಲದೆ ತೋಳನ್ನು ಕ್ರಮವಾಗಿ ತಿರುಗಿಸಿ ಕೂರಿಸುವ ಕ್ರಮವನ್ನು ಪ್ರಕಟಿಸಿದನು. ಇಂದಿನ ತುರ್ತು ಚಿಕಿತ್ಸಾ ಕೊಠಡಿಗಳಲ್ಲಿ ನೋವು ಶಮನದ ಔಷಧ ಕೊಟ್ಟು, ಸ್ನಾಯುಗಳು ಸಡಿಲಗೊಂಡ ಮೇಲೆ, ಬಲಪ್ರಯೋಗ ಆದಷ್ಟು ಕಡಿಮೆ ಇರುವ ಕ್ರಮಗಳನ್ನೇ ಆಯ್ದುಕೊಳ್ಳುತ್ತಾರೆ. ಕೂರಿಸುವುದಕ್ಕೆ ಮೊದಲೊಮ್ಮೆ, ಕೂರಿಸಿದ ಮೇಲೊಮ್ಮೆ ಎಕ್ಸ್‌ರೇ ತೆಗೆಯುವುದು, ಭುಜದ ಹೊರಬದಿಯ ಚರ್ಮದಲ್ಲಿ ಸ್ಪರ್ಶಜ್ಞಾನವಿದೆಯೇ ಎಂದು ಮುಟ್ಟಿ ನೋಡುವುದು ಅಗತ್ಯ. ಕಂಕುಳಿನ ನರ ಎಳೆತಕ್ಕೆ ಸಿಕ್ಕಿ ಪೆಟ್ಟಾಗಿದ್ದರೆ ಆ ಜಾಗ ಮರಗಟ್ಟಿರುತ್ತದೆ. ಮೈದಾನದಲ್ಲಿಯೇ ಗೆಳೆಯರು ಕೈಹಿಡಿದು ಜಗ್ಗುವುದನ್ನು, ಎಕ್ಸ್‌ರೇ ಇಲ್ಲದೆ ಯಾರೋ ತಿರುಚಿ ಕೂರಿಸುವುದನ್ನು ಖಂಡಿತವಾಗಿ ನಿಲ್ಲಿಸಬೇಕು, ಏಕೆಂದರೆ ಕೀಲು ತಪ್ಪಿದ ಎಲುಬು ಎಷ್ಟೋ ಸಲ ಮುರಿದೂ ಇರುತ್ತದೆ, ಮತ್ತು ಜಗ್ಗಿದ ರಭಸಕ್ಕೆ ಆ ಮುರಿತ ಅಗಲಿ ಸರಳವಾದ ಗಾಯ ಜಟಿಲವಾಗುತ್ತದೆ.

ಕೀಲು ಕುಳಿತ ಕೂಡಲೇ ನೋವಿಳಿಯುತ್ತದೆ. ಮೂರು ವಾರ ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿದ ಮೇಲೆ ಎಲ್ಲವೂ ಮೊದಲಿನಂತಾಯಿತೆಂದು ತೋರುತ್ತದೆ. ಆದರೆ ಕಿತ್ತುಬಂದ ಲೇಬ್ರಮ್ ಹಲವರಲ್ಲಿ ತನ್ನ ಹಳೆಯ ಜಾಗಕ್ಕೆ ಅಂಟಿಕೊಳ್ಳುವುದಿಲ್ಲ, ಅಥವಾ ಅಂಚಿನಿಂದ ಒಳಸರಿದು ತಪ್ಪು ಜಾಗಕ್ಕೆ ಅಂಟಿಕೊಳ್ಳುತ್ತದೆ. ಎರಡರಿಂದಲೂ ಮುಂದಣ ತಡೆ ಇಲ್ಲವಾಗುತ್ತದೆ. ಯಾರಲ್ಲಿ ಕೀಲು ಮತ್ತೆ ತಪ್ಪೀತೆಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ವಯಸ್ಸು. ಇಪ್ಪತ್ತರ ಒಳಗಿನವರಲ್ಲಿ, ಅದರಲ್ಲೂ ಮೈಗೆ ಮೈ ತಾಗುವ ಆಟವಾಡುವವರಲ್ಲಿ, ಅದು ಮರುಕಳಿಸುವ ಸಂಭವ ಅತಿ ಹೆಚ್ಚು. ನಲವತ್ತು ದಾಟಿದವರಲ್ಲಿ ಆ ಸಂಭವ ಇಳಿಯುತ್ತದೆ, ಬದಲಿಗೆ ರೊಟೇಟರ್ ಕಫ್ ಹರಿದಿರುವ ಸಂಭವ ಏರುತ್ತದೆ. ಸ್ವೀಡನ್ನಿನಲ್ಲಿ ಹೊವೇಲಿಯಸ್ ಮತ್ತು ಸಂಗಡಿಗರು 1978–79ರಲ್ಲಿ ಮೊದಲ ಬಾರಿಗೆ ಭುಜ ತಪ್ಪಿದ, 12ರಿಂದ 40 ವರ್ಷದೊಳಗಿನ 255 ರೋಗಿಗಳನ್ನು 27 ಆಸ್ಪತ್ರೆಗಳಿಂದ ಆಯ್ದು 25 ವರ್ಷ ಹಿಂಬಾಲಿಸಿದರು. ಜೋಳಿಗೆಯಲ್ಲಿ ಕೈಯಿರಿಸಿದ್ದರಿಂದ ಮರುಕಳಿಕೆ ಕಡಿಮೆಯಾಗಲಿಲ್ಲ ಎಂಬುದು ಆ ಅಧ್ಯಯನದ ಒಂದು ಫಲಿತಾಂಶ. ಶಸ್ತ್ರಚಿಕಿತ್ಸೆಯಿಲ್ಲದೆ ನೋಡಿಕೊಂಡ ಎಳೆಯರಲ್ಲಿಯೂ ಸುಮಾರು ಅರ್ಧದಷ್ಟು ಭುಜಗಳು ಮತ್ತೆ ತಪ್ಪಲೇ ಇಲ್ಲ ಅಥವಾ ಕಾಲಕ್ರಮದಲ್ಲಿ ತಾವಾಗಿ ಸ್ಥಿರವಾದವು ಎಂಬುದು ಇನ್ನೊಂದು. ಕೊನೆಗೆ ಶಸ್ತ್ರಚಿಕಿತ್ಸೆ ಬೇಕಾದದ್ದು ಸುಮಾರು 27 ಪ್ರತಿಶತ ಭುಜಗಳಿಗೆ. ಒಮ್ಮೆ ಭುಜ ತಪ್ಪಿದವರೆಲ್ಲರನ್ನೂ ಶಸ್ತ್ರಚಿಕಿತ್ಸೆಗೆ ಒಯ್ಯುವುದು ತಪ್ಪೆಂದೂ, ಮತ್ತೆ ಮತ್ತೆ ತಪ್ಪುತ್ತಿರುವವರನ್ನು ಹಾಗೆಯೇ ಬಿಡುವುದು ಅಷ್ಟೇ ತಪ್ಪೆಂದೂ ಈ ಅಂಕಿಗಳು ಹೇಳುತ್ತವೆ.

ಮರುಕಳಿಸುವ ಭುಜವು ಪ್ರತಿ ಸಲವೂ ಮೊದಲಿಗಿಂತ ಸುಲಭವಾಗಿ ಜಾರುತ್ತದೆ. ಮೊದಲ ಸಲ ಬಲವಾದ ಸೆಳೆತ ಬೇಕಾಗಿದ್ದಲ್ಲಿ, ಹತ್ತನೆಯ ಸಲಕ್ಕೆ ಅಂಗಿಯ ತೋಳಿಗೆ ಕೈ ತೂರಿಸುವುದೋ, ಬಸ್ಸಿನ ಮೇಲಿನ ಕಂಬಿ ಹಿಡಿದಾಗ ಬ್ರೇಕ್ ಬೀಳುವುದೋ, ನಿದ್ದೆಯಲ್ಲಿ ಕೈಯನ್ನು ತಲೆಯಡಿ ಇಟ್ಟು ಮಗ್ಗುಲಾಗುವುದೋ ಸಾಕಾಗುತ್ತದೆ. ಒಂದೊಂದು ಸಲ ಜಾರಿದಾಗಲೂ ಗ್ಲೀನಾಯ್ಡಿನ ಅಂಚು ಇನ್ನಷ್ಟು ಸವೆಯುತ್ತದೆ, ತಲೆಯ ಹಿಂದಿನ ಕುಳಿ ಇನ್ನಷ್ಟು ಆಳವಾಗುತ್ತದೆ, ಕೀಲಿನ ನುಣುಪು ಮೃದ್ವಸ್ಥಿ ಕೆಡುತ್ತದೆ. ಭುಜ ಜಾರುವುದನ್ನೂ ತಾವೇ ಅದನ್ನು ಕೂರಿಸಿಕೊಳ್ಳುವುದನ್ನೂ ರೂಢಿ ಮಾಡಿಕೊಂಡ ಯುವಕರು ಇದೇನೂ ದೊಡ್ಡದಲ್ಲವೆಂದು ಸುಮ್ಮನಿರುವುದುಂಟು; ನಿಜದಲ್ಲಿ ಅವರ ಮುಂದಿರುವ ಚಿಕಿತ್ಸೆ ಒಂದೊಂದು ಜಾರುವಿಕೆಯಿಂದಲೂ ದೊಡ್ಡದಾಗುತ್ತ ಹೋಗುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ವೈದ್ಯರು ರೋಗಿಯನ್ನು ಮಲಗಿಸಿ, ತೋಳನ್ನು ಪಕ್ಕಕ್ಕೆತ್ತಿ, ಮೊಣಕೈಯನ್ನು ಮಡಿಸಿ, ಮುಂಗೈಯನ್ನು ನಿಧಾನವಾಗಿ ಹಿಂದಕ್ಕೊಯ್ಯುತ್ತಾರೆ. ಒಂದು ಹಂತದಲ್ಲಿ ರೋಗಿಯ ಮುಖ ಬಿಗಿಯುತ್ತದೆ, ಇನ್ನೊಂದು ಕೈ ತಾನಾಗಿ ಬಂದು ವೈದ್ಯರ ಕೈಯನ್ನು ಹಿಡಿಯುತ್ತದೆ, ಬಾಯಿಂದ ಬೇಡ ಎಂಬ ಮಾತು ಬರುತ್ತದೆ. ಅಲ್ಲಿರುವುದು ನೋವಿಗಿಂತ ಹೆಚ್ಚಾಗಿ ಭಯ, ಮತ್ತು ಅದೇ ಈ ರೋಗದ ನಂಬಲರ್ಹವಾದ ಚಿಹ್ನೆ. ಅಂಗೈಯಿಂದ ಭುಜದ ಮುಂಭಾಗವನ್ನು ಒತ್ತಿ ಹಿಡಿದೊಡನೆ ಆ ಭಯ ಇಳಿದರೆ ಕೀಲು ಮುಂದಕ್ಕೆ ಜಾರುತ್ತಿರುವುದು ಖಚಿತವಾಗುತ್ತದೆ.

ಈ ರೋಗದ ಶಸ್ತ್ರಚಿಕಿತ್ಸೆಯ ಇತಿಹಾಸವೆಂದರೆ, ಭುಜವನ್ನು ಕಟ್ಟಿಹಾಕುವ ಯೋಚನೆಯಿಂದ ಹರಿದದ್ದನ್ನು ಹರಿದಲ್ಲಿಯೇ ಸರಿಪಡಿಸುವ ಯೋಚನೆಗೆ ಬಂದ ದೀರ್ಘ ದಾರಿ. ಹಿಪೊಕ್ರೆಟಿಸನ ಕಾಲದಲ್ಲಿ ಕಾದ ಕಬ್ಬಿಣದಿಂದ ಕಂಕುಳನ್ನು ಸುಟ್ಟು, ಆ ಸುಟ್ಟ ಗಾಯ ಮಾಗಿ ಗಟ್ಟಿಯಾದಾಗ ಎಲುಬು ಕೆಳಗಿಳಿಯದಂತೆ ತಡೆಯಬೇಕೆಂಬ ಉಪಾಯವಿತ್ತು. ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ಇದೇ ಯೋಚನೆ ಬೇರೆ ರೂಪದಲ್ಲಿ ಮುಂದುವರಿಯಿತು. ಇಟಲಿಯ ಪುಟ್ಟಿ ಮತ್ತು ಇಂಗ್ಲೆಂಡಿನ ಪ್ಲ್ಯಾಟ್ ಇವರ ಹೆಸರು ಹೊತ್ತ, 1948ರಲ್ಲಿ ಪ್ರಕಟವಾಗಿ ಜನಪ್ರಿಯವಾದ ವಿಧಾನದಲ್ಲಿ ಭುಜದ ಮುಂದಿನ ಸ್ನಾಯುವನ್ನು ಕತ್ತರಿಸಿ, ಒಂದರ ಮೇಲೊಂದನ್ನು ಮಡಿಸಿ ಹೊಲಿದು ಗಿಡ್ಡಗೊಳಿಸುತ್ತಿದ್ದರು. ಕೀಲು ಜಾರುವುದು ನಿಲ್ಲುತ್ತಿತ್ತು, ಆದರೆ ತೋಳು ಹೊರಕ್ಕೆ ತಿರುಗುವುದೂ ಅದರೊಂದಿಗೆ ನಿಲ್ಲುತ್ತಿತ್ತು. ಅಷ್ಟು ಬಿಗಿದ ಕೀಲಿನಲ್ಲಿ ಎಲುಬಿನ ತಲೆ ಹಿಂದಕ್ಕೊತ್ತಿಕೊಂಡು, ಹತ್ತಾರು ವರ್ಷಗಳ ಬಳಿಕ ಕೆಲವರಲ್ಲಿ ಕೀಲೇ ಸವೆದುಹೋಗುತ್ತಿತ್ತು. ಜಾರಲಿಲ್ಲ ಎಂಬ ಒಂದೇ ಅಳತೆಯಿಂದ ಅಳೆದರೆ ಅದು ಗೆದ್ದ ಶಸ್ತ್ರಚಿಕಿತ್ಸೆ, ತೋಳಿನ ಕೆಲಸದಿಂದ ಅಳೆದರೆ ಸೋತದ್ದು.

ಸರಿಯಾದ ದಾರಿಯನ್ನು ತೋರಿದವರಲ್ಲಿ ಮುಖ್ಯನಾದವನು ಲಂಡನ್ನಿನ ಶಸ್ತ್ರವೈದ್ಯ ಬ್ಲಂಡೆಲ್ ಬ್ಯಾಂಕಾರ್ಟ್. ಜರ್ಮನಿಯ ಪರ್ಥೆಸ್ 1906ರಲ್ಲಿಯೇ ಇಂಥ ಗಾಯವನ್ನು ಗುರುತಿಸಿ ದುರಸ್ತಿ ಮಾಡಿದ್ದನಾದರೂ, ಅದೇ ಈ ರೋಗದ ಮೂಲವೆಂದು ಪಟ್ಟುಹಿಡಿದು ವಾದಿಸಿದವನು ಬ್ಯಾಂಕಾರ್ಟ್. 1923ರ ಮತ್ತು 1938ರ ಲೇಖನಗಳಲ್ಲಿ ಅವನು, ಸ್ನಾಯು ಸಡಿಲವಾದದ್ದರಿಂದಲೋ ಚೀಲ ಹಿಗ್ಗಿದ್ದರಿಂದಲೋ ಕೀಲು ಮರುಕಳಿಸುವುದಿಲ್ಲ, ಅಂಚಿನಿಂದ ಲೇಬ್ರಮ್ ಕಿತ್ತುಬಂದದ್ದರಿಂದ ಮರುಕಳಿಸುತ್ತದೆ, ಆದುದರಿಂದ ಅದನ್ನು ಮತ್ತೆ ಅಂಚಿಗೇ ಹೊಲಿಯಬೇಕು ಎಂದು ತೋರಿಸಿದನು. ಎರಡನೆಯ ಲೇಖನದಲ್ಲಿ ಅವನು ವರದಿ ಮಾಡಿದ 27 ರೋಗಿಗಳಲ್ಲಿ ಯಾರಿಗೂ ಕೀಲು ಮತ್ತೆ ತಪ್ಪಿರಲಿಲ್ಲ, ಮತ್ತು ಚಲನೆ ಪೂರ್ಣವಾಗಿ ಮರಳಿತ್ತು. ಈ ಎರಡನೆಯ ಮಾತೇ ಹೆಚ್ಚು ಬೆಲೆಯುಳ್ಳದ್ದು. ಗಾಯದ ಜಾಗಕ್ಕೇ ಕೈಹಾಕಿ ಸರಿಪಡಿಸಿದಾಗ ಚಲನೆಯನ್ನು ಬಲಿಕೊಡಬೇಕಾಗಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಬ್ಯಾಂಕಾರ್ಟನ ವಾದದಲ್ಲಿ ಅತಿಯೂ ಇತ್ತು. ಚೀಲ ಹಿಗ್ಗುವುದಕ್ಕೂ ಎಲುಬು ಸವೆಯುವುದಕ್ಕೂ ಪಾಲಿದೆಯೆಂದು ಇಂದು ತಿಳಿದಿದೆ. ಆದರೂ ಇಂದಿನ ಶಸ್ತ್ರಚಿಕಿತ್ಸೆಯ ಅಡಿಗಲ್ಲು ಅವನು ಹಾಕಿದ್ದೇ.

ಬ್ಯಾಂಕಾರ್ಟನ ಕಾಲದಲ್ಲಿ ಭುಜವನ್ನು ಮುಂದಿನಿಂದ ಕೊಯ್ದು ತೆರೆಯಬೇಕಾಗಿತ್ತು. ಈಗ ಈ ದುರಸ್ತಿಯನ್ನು ಹೆಚ್ಚಾಗಿ ಆರ್ತ್ರೋಸ್ಕೋಪ್ ಎಂಬ, ಸುಮಾರು 4 ಮಿಲಿಮೀಟರ್ ದಪ್ಪದ ದೂರ್ಬೀನು ಕೊಳವೆಯ ಮೂಲಕ ಮಾಡುತ್ತಾರೆ. ರೋಗಿಗೆ ಪೂರ್ಣ ಅರಿವಳಿಕೆ ಕೊಡುವುದರ ಜೊತೆಗೆ ಕತ್ತಿನ ಬುಡದಲ್ಲಿ ತೋಳಿನ ನರಗಳಿಗೆ ಮದ್ದು ಚುಚ್ಚಿ ಭುಜವನ್ನು ಮರಗಟ್ಟಿಸುತ್ತಾರೆ. ಎಚ್ಚರವಾದ ಮೇಲೂ ಕೆಲವು ಗಂಟೆಗಳ ಕಾಲ ನೋವಿರುವುದಿಲ್ಲ, ಕೈಯೂ ಆಡುವುದಿಲ್ಲ. ಭುಜದ ಹಿಂದೆ ಒಂದು, ಮುಂದೆ ಎರಡು ಚಿಕ್ಕ ರಂಧ್ರಗಳನ್ನು ಮಾಡಿ, ಕೀಲಿನೊಳಗೆ ಲವಣಜಲ ಹರಿಯಬಿಟ್ಟು, ಒಂದರಲ್ಲಿ ಕ್ಯಾಮೆರಾವನ್ನೂ ಉಳಿದವುಗಳಲ್ಲಿ ಉಪಕರಣಗಳನ್ನೂ ಇಳಿಸುತ್ತಾರೆ. ಪರದೆಯ ಮೇಲೆ ಬಿಳಿಯ ನುಣುಪು ಗ್ಲೀನಾಯ್ಡ್, ಅದರ ಮುಂದಣ ಅಂಚಿನಿಂದ ಬಿಟ್ಟುಕೊಂಡು ನೀರಿನಲ್ಲಿ ತೊನೆಯುತ್ತಿರುವ ಲೇಬ್ರಮ್ ಕಾಣುತ್ತವೆ. ಮೊದಲು ಅಂಟಿದ ಕಲೆಗಳನ್ನು ಬಿಡಿಸಿ, ಒಳಸರಿದ ಲೇಬ್ರಮ್ಮನ್ನು ಅದರ ಕೆಳಗಿನ ಸ್ನಾಯು ಕಾಣುವಷ್ಟು ಸಡಿಲಿಸಬೇಕು. ಬಳಿಕ ಅಂಚಿನ ಎಲುಬನ್ನು ರಕ್ತ ಜಿನುಗುವವರೆಗೆ ಕೆರೆಯಬೇಕು, ಏಕೆಂದರೆ ರಕ್ತ ಬಂದ ಎಲುಬಿಗೆ ಮಾತ್ರ ಅಂಗಾಂಶ ಕೂಡಿಕೊಳ್ಳುತ್ತದೆ. ಆಮೇಲೆ ಅಂಚಿನುದ್ದಕ್ಕೂ ಸಣ್ಣ ತೂತುಗಳನ್ನು ಕೊರೆದು, ಆಂಕರ್ ಎಂದು ಕರೆಯುವ, ಕೆಲವೇ ಮಿಲಿಮೀಟರ್ ಗಾತ್ರದ ಗೂಟಗಳನ್ನು ಎಲುಬಿನೊಳಗೆ ಕೂರಿಸುತ್ತಾರೆ. ಅವುಗಳಿಂದ ಹೊರಟ ದಾರವನ್ನು ಲೇಬ್ರಮ್ ಮತ್ತು ಚೀಲದ ಮೂಲಕ ಪೋಣಿಸಿ ಗಂಟು ಹಾಕಿದಾಗ, ಬಿದ್ದುಹೋಗಿದ್ದ ಏಣು ಮತ್ತೆ ಅಂಚಿನ ಮೇಲೆದ್ದು ನಿಲ್ಲುತ್ತದೆ, ಹಿಗ್ಗಿದ ಚೀಲ ಮೇಲಕ್ಕೆಳೆದುಕೊಂಡು ಬಿಗಿಯುತ್ತದೆ. ಇಂಥ ಗೂಟಗಳು ಕನಿಷ್ಠ ಮೂರಾದರೂ ಬೇಕೆಂಬುದು ಸಾಮಾನ್ಯ ನಿಯಮ. ಗೂಟವನ್ನು ಅಂಚಿನಿಂದ ಒಳಗೆ, ಹೆಗಲೆಲುಬಿನ ಕುತ್ತಿಗೆಯ ಕಡೆ ಇಳಿಸಿದರೆ ಏಣು ಏಳುವುದಿಲ್ಲ. ಅಂಚಿನ ಮೇಲೆಯೇ ಕೂರಿಸುವ ಆ ಮಿಲಿಮೀಟರುಗಳ ಲೆಕ್ಕದಲ್ಲಿಯೇ ಶಸ್ತ್ರವೈದ್ಯರ ಕೌಶಲವಿದೆ.

ದೂರ್ಬೀನು ಶಸ್ತ್ರಚಿಕಿತ್ಸೆಯ ಹುಮ್ಮಸ್ಸಿನಲ್ಲಿ ಎಲ್ಲ ಭುಜಗಳಿಗೂ ಇದೇ ಮದ್ದೆಂದು ನಂಬಿದ ಕಾಲವೊಂದಿತ್ತು. 2000ದಲ್ಲಿ ಅಮೆರಿಕದ ಬರ್ಕ್‌ಹಾರ್ಟ್ ಮತ್ತು ದಕ್ಷಿಣ ಆಫ್ರಿಕಾದ ಡಿ ಬೀರ್ 194 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ, ಎಲುಬಿನ ದೊಡ್ಡ ನಷ್ಟವಿಲ್ಲದವರಲ್ಲಿ ಮರುಕಳಿಕೆ 4 ಪ್ರತಿಶತವಿದ್ದರೆ, ನಷ್ಟವಿದ್ದವರಲ್ಲಿ 67 ಪ್ರತಿಶತವಿತ್ತು. ಹೊಲಿಗೆ ಒಂದೇ, ಕೈಗಳೂ ಅವೇ. ಫಲ ಮಾತ್ರ ಇಷ್ಟು ಬೇರೆ. ಅಂಚಿನ ಎಲುಬೇ ಸವೆದು ಹೋಗಿರುವಲ್ಲಿ ಅದರ ಮೇಲೆ ಮೃದು ಅಂಗಾಂಶವನ್ನು ಹೊಲಿದು ಭದ್ರತೆ ಬಯಸುವುದು ವ್ಯರ್ಥವೆಂಬುದನ್ನು ಈ ಅಂಕಿಗಳು ಮನಗಾಣಿಸಿದವು. ಆದುದರಿಂದ ಶಸ್ತ್ರಚಿಕಿತ್ಸೆಗೆ ಮೊದಲು ಎಂಆರ್‌ಐ ಚಿತ್ರದಲ್ಲಿ ಲೇಬ್ರಮ್ಮನ್ನು ನೋಡುವುದಷ್ಟೇ ಸಾಲದು, ಮೂರು ಆಯಾಮದ ಸಿಟಿ ಸ್ಕ್ಯಾನಿನಲ್ಲಿ ಗ್ಲೀನಾಯ್ಡಿನ ಅಗಲ ಎಷ್ಟು ಉಳಿದಿದೆಯೆಂದು ಅಳೆಯಬೇಕು. ಅಗಲದ 20ರಿಂದ 25 ಪ್ರತಿಶತ ನಷ್ಟವಾಗಿದ್ದರೆ ಎಲುಬನ್ನೇ ಕಟ್ಟಿಕೊಡಬೇಕೆಂಬುದು ಬಹುಕಾಲದ ಎಲ್ಲೆ. ಆಟಗಾರರಲ್ಲಿ ಅದಕ್ಕಿಂತ ಕಡಿಮೆ ನಷ್ಟವನ್ನೂ ಈಗ ಗಂಭೀರವಾಗಿ ಎಣಿಸುತ್ತಾರೆ. ತಲೆಯ ಹಿಂದಿನ ಕುಳಿಯನ್ನು ಬೇರೆಯಾಗಿ ಅಳೆಯದೆ, ತೋಳೆತ್ತಿದಾಗ ಆ ಕುಳಿ ಗ್ಲೀನಾಯ್ಡಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆಯೇ ಎಂಬುದನ್ನು ಎರಡೂ ನಷ್ಟಗಳನ್ನು ಕೂಡಿಸಿ ಲೆಕ್ಕ ಹಾಕುವ ಕ್ರಮವನ್ನು ಜಪಾನಿನ ಇತೊಯಿ ಮತ್ತು ಸಂಗಡಿಗರು ರೂಪಿಸಿದರು. ಅಂಚಿನ ನಷ್ಟ ಕಡಿಮೆಯಿದ್ದು ಕುಳಿ ದೊಡ್ಡದಾಗಿದ್ದರೆ, ಬ್ಯಾಂಕಾರ್ಟ್ ದುರಸ್ತಿಯ ಜೊತೆಗೆ ಹಿಂದಿನ ಸ್ನಾಯುರಜ್ಜುವನ್ನೂ ಚೀಲವನ್ನೂ ಆ ಕುಳಿಯೊಳಗೆ ಹೊಲಿದು ತುಂಬುತ್ತಾರೆ. ಇದಕ್ಕೆ ರೆಂಪ್ಲಿಸಾಜ್ ಎನ್ನುತ್ತಾರೆ.

ಎಲುಬನ್ನು ಕಟ್ಟಿಕೊಡುವ ಶಸ್ತ್ರಚಿಕಿತ್ಸೆಗಳಲ್ಲಿ ಹೆಸರಾದದ್ದು ಫ್ರಾನ್ಸಿನ ಲಿಯೋನ್ ನಗರದ ಲಾತಾರ್ಜೆ 1954ರಲ್ಲಿ ವಿವರಿಸಿದ್ದು. ಹೆಗಲೆಲುಬಿನಿಂದ ಮುಂದಕ್ಕೆ ಕೊಂಕಿಕೊಂಡು ಚಾಚಿದ ಕೊರಕಾಯ್ಡ್ ಎಂಬ ತುದಿಯಿದೆ. ಅದರ ಸುಮಾರು ಎರಡು ಎರಡೂವರೆ ಸೆಂಟಿಮೀಟರ್ ಉದ್ದದ ತುಂಡನ್ನು, ಅದಕ್ಕೆ ಅಂಟಿದ ಸ್ನಾಯುರಜ್ಜುಗಳ ಸಮೇತ ಕತ್ತರಿಸಿ, ಮುಂದಣ ಸ್ನಾಯುವಿನಲ್ಲಿ ನಾರಿನ ಗುಂಟ ಮಾಡಿದ ಸೀಳಿನ ಮೂಲಕ ಒಳಕ್ಕೊಯ್ದು, ಸವೆದ ಅಂಚಿಗೆ ಎರಡು ತಿರುಪುಗಳಿಂದ ಬಿಗಿಯುತ್ತಾರೆ. ಕಳೆದುಹೋದ ಎಲುಬು ಮರಳುತ್ತದೆ. ತೋಳೆತ್ತಿದಾಗ ಆ ಸ್ನಾಯುರಜ್ಜುಗಳು ಕೀಲಿನ ಮುಂದೆ ಅಡ್ಡಲಾಗಿ ಬಿಗಿದು ತಲೆ ಜಾರದಂತೆ ತಡೆಯುತ್ತವೆ. ಚೀಲವನ್ನೂ ಹೊಲಿದು ಭದ್ರಪಡಿಸಲು ಸಾಧ್ಯವಾಗುತ್ತದೆ. ಬಲಿಷ್ಠವಾದ ಈ ಚಿಕಿತ್ಸೆ ಬೇಡುವ ಎಚ್ಚರವೂ ಹೆಚ್ಚು. ಮೊಣಕೈ ಮಡಿಸುವ ಸ್ನಾಯುವಿನ ನರವೂ ಕಂಕುಳಿನ ನರವೂ ಹತ್ತಿರವೇ ಹಾಯ್ದಿವೆ. ತುಂಡು ಅಂಚಿನಿಂದ ಹೊರಚಾಚಿದರೆ ಎಲುಬಿನ ತಲೆ ಅದಕ್ಕೆ ಉಜ್ಜಿ ಕೀಲು ಸವೆಯುತ್ತದೆ, ಒಳಸರಿದರೆ ತಡೆ ಸಾಲದು. ಕೆಲವರಲ್ಲಿ ತುಂಡು ಕೂಡಿಕೊಳ್ಳುವುದಿಲ್ಲ ಅಥವಾ ಕರಗುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಎಲುಬು ಕೂಡುವುದು ತಡವಾಗುವುದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ಅದನ್ನು ಬಿಡಬೇಕೆಂದು ವೈದ್ಯರು ಒತ್ತಾಯಿಸುತ್ತಾರೆ. ಕೊರಕಾಯ್ಡ್ ಸಾಲದಷ್ಟು ನಷ್ಟವಿದ್ದರೆ, ಅಥವಾ ಲಾತಾರ್ಜೆ ವಿಧಾನವೇ ವಿಫಲವಾಗಿದ್ದರೆ, ಸೊಂಟದ ಎಲುಬಿನಿಂದ ತುಂಡು ತೆಗೆದು ಕಸಿ ಮಾಡುವ ದಾರಿಯುಂಟು.

ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ತೋಳಿನ ಚೇತರಿಕೆಗೆ ತಿಂಗಳುಗಳು ಬೇಕು, ಮತ್ತು ಮನೆಯವರ ಸಹಕಾರ ಬೇಕಾಗುವುದು ಈ ಹಂತದಲ್ಲಿ. ಹೊಲಿದ ಲೇಬ್ರಮ್ ಎಲುಬಿಗೆ ಕೂಡಿಕೊಳ್ಳುವವರೆಗೆ ಅದನ್ನು ಹಿಡಿದಿರುವುದು ದಾರ ಮಾತ್ರ. ಆ ಕಾಲದಲ್ಲಿ ತೋಳನ್ನು ಹೊರಕ್ಕೆ ಹೆಚ್ಚು ತಿರುಗಿಸಿದರೆ ದಾರ ಅಂಗಾಂಶವನ್ನು ಕೊಯ್ಯುತ್ತದೆ. ತೀರ ಅಲುಗಿಸದೆ ಬಿಟ್ಟರೆ ಕೀಲು ಗಡಸಾಗಿ ಕಟ್ಟಿಕೊಳ್ಳುತ್ತದೆ. ಮೂರರಿಂದ ಆರು ವಾರ ಜೋಳಿಗೆಯಲ್ಲಿ ಕೈಯಿರಬೇಕು, ಆದರೆ ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದಲೇ ಆಡಿಸಬೇಕು. ಬಳಿಕ ಮುಂದಕ್ಕೆ ಬಾಗಿ ನಿಂತು ಕೈಯನ್ನು ಇಳಿಬಿಟ್ಟು ಮೆಲ್ಲಗೆ ತೂಗುವುದು, ಮಲಗಿಕೊಂಡು ಇನ್ನೊಂದು ಕೈಯ ಆಸರೆಯಿಂದ ತೋಳನ್ನೆತ್ತುವುದು ಬರುತ್ತವೆ. ತೋಳನ್ನು ಹೊರಕ್ಕೆ ತಿರುಗಿಸುವುದಕ್ಕೆ ಮೊದಲ ಆರು ವಾರ ಒಂದು ಮಿತಿಯಿರುತ್ತದೆ, ಆ ಮಿತಿಯೆಷ್ಟೆಂಬುದನ್ನು ಶಸ್ತ್ರವೈದ್ಯರೇ ಹೇಳಬೇಕು, ಏಕೆಂದರೆ ಹೊಲಿಗೆ ಎಷ್ಟು ಬಿಗಿಯಾಗಿ ಕುಳಿತಿದೆಯೆಂದು ಕಂಡವರು ಅವರು. ಸ್ನಾನ ಮಾಡಿಸಿಕೊಳ್ಳುವಾಗ, ಅಂಗಿ ಹಾಕಿಕೊಳ್ಳುವಾಗ ಈ ಮಿತಿ ತಿಳಿಯದೆ ಮೀರಿಹೋಗುವುದುಂಟು; ಮುಂದೆ ಗುಂಡಿಯಿರುವ ಸಡಿಲ ಅಂಗಿಯನ್ನು, ಚಿಕಿತ್ಸೆಯಾದ ಕೈಗೆ ಮೊದಲು ತೊಡಿಸಿ ಕಳಚುವಾಗ ಕೊನೆಗೆ ಕಳಚಿದರೆ ಆ ತೊಂದರೆಯಿರದು.

ಆರು ವಾರಗಳ ಬಳಿಕ ಚಲನೆಯನ್ನು ಹಂತಹಂತವಾಗಿ ಮರಳಿಸಿ, ಮೂರು ತಿಂಗಳ ಹೊತ್ತಿಗೆ ಬಲ ತುಂಬುವ ವ್ಯಾಯಾಮಕ್ಕೆ ತೊಡಗುತ್ತಾರೆ. ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಒಳಕ್ಕೂ ಹೊರಕ್ಕೂ ಎಳೆಯುವ ಸರಳ ವ್ಯಾಯಾಮದಿಂದ ರೊಟೇಟರ್ ಕಫ್ ಬಲಿಯುತ್ತದೆ. ಆದರೆ ತೋಳಿಗೆ ನೆಲೆ ಹೆಗಲೆಲುಬು. ಅದನ್ನು ಬೆನ್ನಿಗೆ ಒತ್ತಿ ಹಿಡಿಯುವ ಸ್ನಾಯುಗಳು ಸೊರಗಿದ್ದರೆ ಕೀಲಿನ ದುರಸ್ತಿ ಎಷ್ಟೇ ಚೆನ್ನಾಗಿದ್ದರೂ ಭುಜ ಸೋಲುತ್ತದೆ, ಆದುದರಿಂದ ಬೆನ್ನಿನ ವ್ಯಾಯಾಮವನ್ನು ಬಿಡುವಂತಿಲ್ಲ. ಗಾಯಗೊಂಡ ಕೀಲು ತಾನು ಯಾವ ಭಂಗಿಯಲ್ಲಿದ್ದೇನೆಂಬ ಅರಿವನ್ನೂ ಅಷ್ಟಿಷ್ಟು ಕಳೆದುಕೊಂಡಿರುತ್ತದೆ. ಗೋಡೆಗೆ ಚೆಂಡೊತ್ತಿ ಹಿಡಿಯುವುದು, ಚೆಂಡೆಸೆದು ಹಿಡಿಯುವುದು ಮೊದಲಾದವು ಆ ಅರಿವನ್ನು ಮರಳಿ ತರಲು. ಮೈಗೆ ಮೈ ತಾಗುವ ಆಟಕ್ಕೆ ಸಾಮಾನ್ಯವಾಗಿ ಆರು ತಿಂಗಳಿಗೆ ಮೊದಲು ಮರಳುವಂತಿಲ್ಲ. ಲಾತಾರ್ಜೆ ಚಿಕಿತ್ಸೆಯಾದವರಲ್ಲಿ ಎಲುಬು ಕೂಡಿದುದು ಸ್ಕ್ಯಾನಿನಲ್ಲಿ ಖಚಿತವಾದರೆ ಇನ್ನೂ ಮೊದಲು ಮರಳಲು ಸಾಧ್ಯ. ತಿಂಗಳೆಣಿಸುವುದು ಒಂದು ಲೆಕ್ಕ ಮಾತ್ರ. ಚಲನೆ ಪೂರ್ಣವಾಗಿರಬೇಕು, ಬಲ ಇನ್ನೊಂದು ಕೈಯ ಸುಮಾರು ಹತ್ತರಲ್ಲಿ ಒಂಬತ್ತು ಪಾಲಿಗಾದರೂ ಬಂದಿರಬೇಕು, ತೋಳನ್ನು ಹಿಂದಕ್ಕೊಯ್ದಾಗ ಆ ಹಳೆಯ ಭಯ ಇರಬಾರದು.

ಈ ಭಯವನ್ನು ಅಳೆಯದೆ ಚೇತರಿಕೆಯನ್ನು ಅಳೆದಂತಾಗುವುದಿಲ್ಲ. 1978ರಲ್ಲಿ ಅಮೆರಿಕದ ರೋ ರೂಪಿಸಿದ ಅಂಕಪದ್ಧತಿಯಲ್ಲಿ ನೂರಕ್ಕೆ 50 ಅಂಕ ಸ್ಥಿರತೆಗೆ, 30 ಕೆಲಸದ ಸಾಮರ್ಥ್ಯಕ್ಕೆ, 20 ಚಲನೆಗೆ ಮೀಸಲಾಗಿದ್ದವು. ಇಪ್ಪತ್ತು ವರ್ಷಗಳ ಬಳಿಕ ಕೆನಡಾದಲ್ಲಿ ಸಿದ್ಧವಾದ 21 ಪ್ರಶ್ನೆಗಳ ಪದ್ಧತಿಯಲ್ಲಿ, ರೋಗಿಯ ದೈನಂದಿನ ಬದುಕಿನ ಜೊತೆಗೆ ಅವನ ಮನಸ್ಸಿನ ಅಳುಕಿಗೂ ಪ್ರತ್ಯೇಕ ಪ್ರಶ್ನೆಗಳಿವೆ, ಉತ್ತರ ಕೊಡುವವನು ರೋಗಿಯೇ ಹೊರತು ವೈದ್ಯನಲ್ಲ. ಇದು ದೊಡ್ಡ ಮುನ್ನಡೆ. ಕೀಲು ಮತ್ತೆ ಜಾರದಿದ್ದರೂ, ಜಾರೀತೆಂಬ ಅಂಜಿಕೆಯಿಂದ ಈಜನ್ನೋ ಕಬಡ್ಡಿಯನ್ನೋ ಬಿಟ್ಟವರು, ಮಗುವನ್ನು ತಲೆಯ ಮೇಲೆತ್ತಿ ಆಡಿಸಲು ಹಿಂಜರಿಯುವವರು ಇದ್ದಾರೆ; ಅವರ ಶಸ್ತ್ರಚಿಕಿತ್ಸೆ ಎಕ್ಸ್‌ರೇಯಲ್ಲಿ ಸರಿಯಾಗಿಯೇ ಕಾಣುತ್ತದೆ. ಆ ಅಳುಕನ್ನು ಕಳೆಯುವುದು ವ್ಯಾಯಾಮ ಚಿಕಿತ್ಸಕರ ಕೆಲಸದ ಒಂದು ಭಾಗವೆಂದೇ ಎಣಿಸಬೇಕು.

ಮೂರ್ಛೆರೋಗದಿಂದ ಭುಜ ತಪ್ಪುವವರ ವಿಷಯವನ್ನು ಬೇರೆಯಾಗಿ ಹೇಳಬೇಕಾಗಿದೆ. ಸೆಳವು ಬಂದಾಗ ಸ್ನಾಯುಗಳೆಲ್ಲ ಒಮ್ಮೆಲೇ ಬಿಗಿದು ಎಲುಬಿನ ತಲೆಯನ್ನು ಹಿಂದಕ್ಕೋ ಮುಂದಕ್ಕೋ ಹೊರದೂಡುತ್ತವೆ, ಎಲುಬಿನ ನಷ್ಟ ಅವರಲ್ಲಿ ಹೆಚ್ಚು. ಹಿಂದಕ್ಕೆ ಜಾರಿದ ಕೀಲು ಒಂದೇ ದಿಕ್ಕಿನ ಎಕ್ಸ್‌ರೇಯಲ್ಲಿ ಕಣ್ತಪ್ಪಿಹೋಗುವುದೂ ಉಂಟು. ಸೆಳವಿನ ಬಳಿಕ ತೋಳು ಹೊರಕ್ಕೆ ತಿರುಗದೆ ನಿಂತರೆ ಇನ್ನೊಂದು ದಿಕ್ಕಿನಿಂದಲೂ ಚಿತ್ರ ತೆಗೆಸಬೇಕು. ಸೆಳವು ಹತೋಟಿಗೆ ಬರದೆ ಭುಜಕ್ಕೆ ಮಾಡಿದ ಯಾವ ಶಸ್ತ್ರಚಿಕಿತ್ಸೆಯೂ ಬಹುಕಾಲ ನಿಲ್ಲದು. ಮೊದಲು ನರರೋಗ ತಜ್ಞರ ಚಿಕಿತ್ಸೆ, ಆಮೇಲೆ ಭುಜದ್ದು.

ಭುಜ ಎರಡನೆಯ ಸಲ ತಪ್ಪಿದ ಎಳೆಯರು, ಮತ್ತು ಮೊದಲ ಸಲವೇ ತಪ್ಪಿದ್ದರೂ ಕಬಡ್ಡಿ, ಕುಸ್ತಿಯಂಥ ಆಟಗಳಲ್ಲಿ ತೊಡಗಿರುವ ಎಳೆಯರು, ಅದು ತಾನಾಗಿ ಸರಿಹೋದೀತೆಂದು ಕಾಯದೆ ಮೂಳೆತಜ್ಞರನ್ನು ಕಾಣಬೇಕು. ಲೇಬ್ರಮ್ಮಿನ ಸ್ಥಿತಿಯನ್ನೂ ಎಲುಬು ಎಷ್ಟು ಉಳಿದಿದೆಯೆಂಬುದನ್ನೂ ಕೇಳಿ ತಿಳಿಯಬೇಕು. ತರಬೇತುದಾರರೂ ತಂದೆತಾಯಿಗಳೂ ಪಂದ್ಯಾವಳಿಯ ದಿನಾಂಕವನ್ನು ಮುಂದಿಟ್ಟು ಅವರನ್ನು ಮೈದಾನಕ್ಕೆ ಅವಸರದಿಂದ ಇಳಿಸದಿರಲಿ.